ಅಮೆರಿಕದ ಫಾರ್ಮ್ ಬಿಲ್‌ಗೆ ದುಡ್ಡು ಬರೋದು ಎಲ್ಲಿಂದ? ಅವಧಿ ಮುಗಿದ ಮೇಲೂ ನಡೀತಿರೋದು ಹೇಗೆ?

ಕಡಲೆಗಿಡ
ಅಮೆರಿಕದ ಫಾರ್ಮ್ ಬಿಲ್ ಬಗ್ಗೆ ಎಷ್ಟು ಓದಿದರೂ ಮೂರು ವಿಷಯ ತಾಳೆ ಆಗ್ತಿಲ್ಲ. "1.5 ಟ್ರಿಲಿಯನ್ ಡಾಲರ್ ಬಿಲ್" ಅಂತಾರೆ. 2018ರ ಕಾಯ್ದೆ 2023ರ ಸೆಪ್ಟೆಂಬರ್ 30ಕ್ಕೇ ಮುಗೀತು, ಆಮೇಲೆ ವರ್ಷ ವರ್ಷ ಎಳೀತಿದ್ದಾರೆ ಅಂತಲೂ ಅಂತಾರೆ. ಇದರ ಜೊತೆಗೆ ಅಲ್ಲಿನ ಸಂಸತ್ತು ಪ್ರತಿ ವರ್ಷ ಕೃಷಿ ಇಲಾಖೆಗೆ ಬೇರೆ ಬಜೆಟ್ ಪಾಸ್ ಮಾಡುತ್ತೆ. ಹಾಗಾದ್ರೆ ಫಾರ್ಮ್ ಬಿಲ್ ಅನ್ನೋದು ಬಜೆಟ್ಟಾ, ಕಾಯ್ದೆನಾ? ಅವಧಿ ಮುಗಿದಿದ್ರೆ ರೈತರ ಖಾತೆಗೆ ದುಡ್ಡು ಹೇಗೆ ಹೋಗ್ತಿದೆ? ಗೊತ್ತಿರೋರು ಬಿಡಿಸಿ ಹೇಳಿ. "ಎಲ್ಲ ಸಬ್ಸಿಡಿ ಸ್ವಾಮಿ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಎಡಬಲಲೆಕ್ಕ
ಎರಡು ಥರದ ದುಡ್ಡಿದೆ, ಅಲ್ಲಿಂದ ಶುರು ಮಾಡಿ.

ಒಂದು ಕಡ್ಡಾಯ ಖರ್ಚು. ಕಾಯ್ದೆಯಲ್ಲಿ ಅರ್ಹತೆ ಬರೆದಿರುತ್ತೆ, ಅರ್ಹತೆ ಇದ್ದೋರಿಗೆ ಖಜಾನೆ ಕೊಡಲೇಬೇಕು. ಎಷ್ಟು ಜನ ಬಂದರೂ ಅಷ್ಟು. ಬೆಲೆ ಬೆಂಬಲ, ಬೆಳೆ ವಿಮೆ, ಸ್ನ್ಯಾಪ್ ಆಹಾರ ನೆರವು, ಮಣ್ಣು-ನೀರು ಸಂರಕ್ಷಣೆಯ ದೊಡ್ಡ ಯೋಜನೆಗಳು ಇದರಲ್ಲಿ ಬರುತ್ತೆ. ಇನ್ನೊಂದು ವಿವೇಚನಾ ಖರ್ಚು. ಫಾರ್ಮ್ ಬಿಲ್ "ಇಷ್ಟರವರೆಗೆ ಕೊಡಬಹುದು" ಅಂತ ಅನುಮತಿ ಮಾತ್ರ ಕೊಡುತ್ತೆ, ನಿಜವಾದ ದುಡ್ಡು ಪ್ರತಿ ವರ್ಷದ ಅಪ್ರೋಪ್ರಿಯೇಷನ್ ಬಿಲ್‌ನಲ್ಲಿ ಬರಬೇಕು. ಸಂಶೋಧನೆ, ಗ್ರಾಮೀಣಾಭಿವೃದ್ಧಿಯ ಬಹುಪಾಲು ಇದು. ಬಿಲ್‌ನಲ್ಲಿ ಬರೆದದ್ದರಲ್ಲಿ ಕಾಲುಭಾಗವೂ ಕೈಗೆ ಬರದ ಯೋಜನೆಗಳುಂಟು.

ಈಗ 1.5 ಟ್ರಿಲಿಯನ್. ಅದು ಯಾರೂ ತೆಗೆದಿಟ್ಟ ದುಡ್ಡಲ್ಲ. ಸಂಸತ್ತಿನ ಬಜೆಟ್ ಕಚೇರಿ, ಅಂದ್ರೆ ಸಿಬಿಒ, 2023ರ ಮೇ ತಿಂಗಳಲ್ಲಿ ಹಾಕಿದ 10 ವರ್ಷದ ಅಂದಾಜು: ಇರೋ ಕಾಯ್ದೆ ಹೀಗೇ ಮುಂದುವರಿದರೆ ಇಷ್ಟು ಖರ್ಚಾಗುತ್ತೆ ಅಂತ. ಅದಕ್ಕೆ ಬೇಸ್‌ಲೈನ್ ಅಂತಾರೆ. ಹೊಸ ಬಿಲ್ ಬರೆಯುವಾಗ ಪ್ರತಿ ಬದಲಾವಣೆಯನ್ನೂ ಈ ಬೇಸ್‌ಲೈನ್ ಮೇಲೆ ಪ್ಲಸ್ಸಾ ಮೈನಸ್ಸಾ ಅಂತ ಅಳೀತಾರೆ. 2018ರ ಬಿಲ್‌ಗೆ 10 ವರ್ಷಕ್ಕೆ 867 ಬಿಲಿಯನ್ ಅಂತ ಪತ್ರಿಕೆಗಳು ಬರೆದವು. ಆದರೆ ಬೇಸ್‌ಲೈನ್ ಮೇಲೆ ಅದು ಹೊಸದಾಗಿ ಸೇರಿಸಿದ ಖರ್ಚು 10 ವರ್ಷಕ್ಕೆ ಹೆಚ್ಚು ಕಮ್ಮಿ ಸೊನ್ನೆ.

ಮಳೆನೀರು
1.5ರಲ್ಲಿ 1.2 ಟ್ರಿಲಿಯನ್ ಬರೀ ಪೌಷ್ಟಿಕ ಆಹಾರದ ಬಾಬ್ತು. ಬೆಳೆ ವಿಮೆ 100 ಬಿಲಿಯನ್ ಆಸುಪಾಸು, ಬೆಲೆ ಬೆಂಬಲ ಮತ್ತು ಸಂರಕ್ಷಣೆ ತಲಾ 60ರ ಆಸುಪಾಸು. ಇದನ್ನ ಹೇಳದೆ "ರೈತರಿಗೆ 1.5 ಟ್ರಿಲಿಯನ್" ಅನ್ನೋ ಪೋಸ್ಟ್‌ಗಳನ್ನ ನೋಡಿದರೆ ನಗು ಬರುತ್ತೆ.

ಪೇಟೆಬೀದಿ
ಅಂದ್ರೆ ಇದು ರೇಷನ್ ಬಿಲ್ಲು, ರೈತರ ಹೆಸರು ಅಂಟಿಸಿದ್ದಾರೆ ಅಷ್ಟೇ 😀

ಮಳೆನೀರು
@ಪೇಟೆಬೀದಿ ಬೇಕಂತಲೇ ಅಂಟಿಸಿದ್ದು. 1964ರಲ್ಲಿ ಫುಡ್ ಸ್ಟ್ಯಾಂಪ್ ಬೇರೆ ಕಾಯ್ದೆ. 1973ರಿಂದ ಅದನ್ನ ಫಾರ್ಮ್ ಬಿಲ್ ಒಳಗೆ ತಂದರು. ಹಳ್ಳಿ ಕಡೆಯ ಸದಸ್ಯರ ಸಂಖ್ಯೆ ಇಳೀತಾ ಇತ್ತು, ಜೋಳ-ಗೋಧಿಗೆ ಮಾತ್ರ ಓಟು ಕೇಳಿದರೆ ನಗರದೋರು ಹಾಕಲ್ಲ. ನಿಮ್ಮ ಊಟಕ್ಕೆ ನಮ್ಮ ಓಟು, ನಮ್ಮ ಬೆಳೆಗೆ ನಿಮ್ಮ ಓಟು. ಸುಮಾರು 50 ವರ್ಷ ನಡೆದ ಒಪ್ಪಂದ ಇದು.

ಕಡಲೆಗಿಡ
ಸ್ನ್ಯಾಪ್ ಕಡ್ಡಾಯ ಖರ್ಚು ಅಂದ್ರಿ. ಹಾಗಿದ್ರೆ 2025ರ ನವೆಂಬರ್‌ನಲ್ಲಿ ಸರ್ಕಾರ ಬಂದ್ ಆದಾಗ ಜನರ ಕಾರ್ಡಿಗೆ ದುಡ್ಡು ಬೀಳದೆ ಗಲಾಟೆ ಆಯ್ತಲ್ಲ? ಕಡ್ಡಾಯ ಅಂದ್ಮೇಲೆ ನಿಲ್ಲಬಾರದಿತ್ತು.

ಎಡಬಲಲೆಕ್ಕ
ಒಳ್ಳೆ ಪ್ರಶ್ನೆ. ಕಡ್ಡಾಯ ಖರ್ಚಲ್ಲೂ ಎರಡು ಜಾತಿ. ಕೆಲವಕ್ಕೆ ಕಾಯ್ದೆಯಲ್ಲೇ ಖಜಾನೆಯ ಬಾಗಿಲು ತೆರೆದಿರುತ್ತೆ, ಯಾರನ್ನೂ ಕೇಳಬೇಕಿಲ್ಲ. ಸ್ನ್ಯಾಪ್ ಹಾಗಲ್ಲ. ಕೊಡಬೇಕಾದ ಬಾಧ್ಯತೆ ಕಾಯಂ, ಆದರೆ ಹಣ ಬಿಡುಗಡೆ ಮಾತ್ರ ಪ್ರತಿ ವರ್ಷದ ಅಪ್ರೋಪ್ರಿಯೇಷನ್ ಮೂಲಕವೇ ಆಗಬೇಕು. 2025ರ ಅಕ್ಟೋಬರ್ 1ಕ್ಕೆ ಅದು ಪಾಸಾಗಿರಲಿಲ್ಲ. ಅಕ್ಟೋಬರ್ ತಿಂಗಳು ದಾಟಿತು, ನವೆಂಬರ್‌ಗೆ ಉಳಿದಿದ್ದು ತುರ್ತು ನಿಧಿ. ಒಂದು ತಿಂಗಳಿಗೆ ಬೇಕಾದ್ದು 8 ಬಿಲಿಯನ್‌ಗಿಂತ ಹೆಚ್ಚು, ತುರ್ತು ನಿಧಿ ಅದಕ್ಕೆ ಸಾಲೋದಿಲ್ಲ. ಕೋರ್ಟಿಗೆ ಹೋಯ್ತು. ನವೆಂಬರ್ 12ಕ್ಕೆ ಬಂದ್ ಮುಗಿದ ಮೇಲೇ ಸರಿ ಹೋಗಿದ್ದು. ಫಾರ್ಮ್ ಬಿಲ್ ಅವಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಕಲಸಿ ಬರೆದವರೇ ಜಾಸ್ತಿ.

ಹೊಲಗದ್ದೆ_ನೆಬ್ರಾಸ್ಕ
ರೈತನ ಕಡೆಯಿಂದ ಬೆಲೆ ಬೆಂಬಲ ಹೇಗೆ ಬರುತ್ತೆ ಅಂತ ಒಂದು ಲೆಕ್ಕ ಹಾಕಿ ತೋರಿಸ್ತೀನಿ. 2014ರ ಬಿಲ್‌ನಲ್ಲಿ ಬಂದ ಪಿಎಲ್‌ಸಿ, ಅಂದ್ರೆ ಬೆಲೆ ಬಿದ್ದಾಗ ವ್ಯತ್ಯಾಸ ತುಂಬೋ ಯೋಜನೆ ತಗೊಳ್ಳಿ. ಪ್ರತಿ ಬೆಳೆಗೆ ಕಾಯ್ದೆಯಲ್ಲೇ ಒಂದು ಆಧಾರ ಬೆಲೆ ಬರೆದಿದೆ. 2025ರ ಜುಲೈ 4ರ ಕಾಯ್ದೆ (ಇದು ಫಾರ್ಮ್ ಬಿಲ್ ಅಲ್ಲ, ಬಜೆಟ್ ಕಾಯ್ದೆ) ಇದನ್ನ ಏರಿಸಿತು: ಮುಸುಕಿನ ಜೋಳ ಬುಶೆಲ್‌ಗೆ (ಅಲ್ಲಿನ ಧಾನ್ಯದ ಅಳತೆ) 3.70 ಡಾಲರ್ ಇದ್ದದ್ದು 4.10, ಸೋಯಾ 8.40 ಇದ್ದದ್ದು 10.00, ಗೋಧಿ 5.50 ಇದ್ದದ್ದು 6.35.

ಗೋಧಿಗೆ ವರ್ಷದ ಸರಾಸರಿ ಮಾರುಕಟ್ಟೆ ಬೆಲೆ 5.00 ಆಯ್ತು ಅಂತಿಟ್ಕೊಳ್ಳಿ. ವ್ಯತ್ಯಾಸ 1.35. ಆ ಜಮೀನಿಗೆ ದಾಖಲಾದ ಇಳುವರಿ ಎಕರೆಗೆ 40 ಬುಶೆಲ್ ಆದರೆ 54 ಡಾಲರ್. ಬೇಸ್ ಎಕರೆ 100 ಇದ್ದರೂ ಕೊಡೋದು 85%ಕ್ಕೆ ಮಾತ್ರ, ಹಾಗಾಗಿ 54 × 85 = 4,590. ಅದರಲ್ಲಿ ಸೀಕ್ವೆಸ್ಟರ್ ಅಂತ, ಸರ್ಕಾರಿ ಖರ್ಚು ಇಳಿಸೋಕೆ ತಾನಾಗೇ ಬೀಳೋ 5.7% ಕಡಿತ. ಕೈಗೆ ಬರೋದು ಸುಮಾರು 4,328 ಡಾಲರ್.

ಇದರಲ್ಲಿ ಎಡವೋದು ಎಲ್ಲಿ ಅಂದ್ರೆ ಸಮಯದಲ್ಲಿ. ಮಾರುಕಟ್ಟೆ ವರ್ಷ ಪೂರ್ತಿ ಮುಗಿದು ಸರಾಸರಿ ಸಿಗಬೇಕು. 2025ರ ಬೆಳೆಯ ದುಡ್ಡು 2026ರ ಅಕ್ಟೋಬರ್ ಮೇಲೆ. ಬಿತ್ತನೆ ಸಾಲ ತೀರಿಸಬೇಕಾದ ಹೊತ್ತಿಗೆ ಇದು ಬ್ಯಾಂಕಿನೋರ ಮುಂದೆ ಕಾಗದದ ಮೇಲಿನ ಅಂಕಿ ಅಷ್ಟೇ.

ಪೇಟೆಬೀದಿ
"ದಾಖಲಾದ ಇಳುವರಿ", "ಬೇಸ್ ಎಕರೆ" ಅಂದ್ರಿ. ಈ ವರ್ಷ ಬೆಳೆದದ್ದು ಅಲ್ವಾ?

ಹೊಲಗದ್ದೆ_ನೆಬ್ರಾಸ್ಕ
ಅಲ್ಲ! ಅದೇ ಗಮ್ಮತ್ತು. ಬೇಸ್ ಅನ್ನೋದು ಹಿಂದೆ ಆ ಜಮೀನಲ್ಲಿ ಏನು ಬೆಳೀತಿದ್ರು ಅನ್ನೋ ಇತಿಹಾಸ. ಗೋಧಿ ಬೇಸ್ ಇರೋ ಹೊಲದಲ್ಲಿ ಈ ವರ್ಷ ಸೋಯಾ ಹಾಕಿದ್ರೂ ಗೋಧಿ ಬೆಲೆ ಕುಸಿದರೆ ಗೋಧಿ ದುಡ್ಡೇ ಬರುತ್ತೆ. ಹಣ್ಣು-ತರಕಾರಿ ಮಾತ್ರ ಇದಕ್ಕೆ ಹೊರತು. ಬೇಸ್‌ನಲ್ಲಿ 15% ದಾಟಿ ಹಾಕಿದರೆ ದಾಟಿದಷ್ಟು ಎಕರೆಗೆ ಕಡಿತ.

ಪೇಟೆಬೀದಿ
ಬೆಳೆಯದ ಬೆಳೆಗೆ ದುಡ್ಡು. ಇದನ್ನ ನಮ್ಮಲ್ಲಿ ಮಾಡಿದ್ದರೆ ಟಿವಿಯೋರು ಒಂದು ವಾರ ಕೂಗಾಡ್ತಿದ್ರು.

ತುಂಗೆತೀರ
ಕೂಗೋದು ಬೇರೆ, ಅರ್ಥ ಬೇರೆ. ಈ ವರ್ಷ ಏನು ಬಿತ್ತಿದ್ರೆ ಸರ್ಕಾರದ ದುಡ್ಡು ಜಾಸ್ತಿ ಅಂತ ನೋಡಿ ಬಿತ್ತೋದನ್ನ ತಪ್ಪಿಸೋಕೆ ಹೀಗೆ ಬಿಡಿಸಿದ್ದು. ಬಿತ್ತನೆಗೆ ಕಟ್ಟಿದರೆ ಬೆಲೆ ಬಿದ್ದ ಬೆಳೆಯನ್ನೇ ಎಲ್ಲರೂ ಇನ್ನಷ್ಟು ಬೆಳೆದು ಬೆಲೆ ಇನ್ನೂ ಬೀಳಿಸ್ತಾರೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹತ್ತಿ ವಿಷಯಕ್ಕೆ ಬ್ರೆಜಿಲ್ ಹಾಕಿದ ಕೇಸಲ್ಲಿ ಅಮೆರಿಕ ಸೋತಿದ್ದೂ ನೆನಪಿರಲಿ. 2002ರಲ್ಲಿ ಶುರುವಾದ ಜಗಳ, 2014ರಲ್ಲಿ 300 ಮಿಲಿಯನ್ ಡಾಲರ್ ಕೊಟ್ಟು ಮುಗಿಸಿದರು. ಅದಕ್ಕೂ ಮುಂಚೆ 2010ರಿಂದ ವರ್ಷಕ್ಕೆ 147.3 ಮಿಲಿಯನ್ ಬ್ರೆಜಿಲ್ ಹತ್ತಿ ಬೆಳೆಗಾರರ ನಿಧಿಗೆ ಕೊಡೋ ಒಪ್ಪಂದ ಬೇರೆ. ತಮ್ಮ ಹತ್ತಿ ಸಬ್ಸಿಡಿ ಉಳಿಸ್ಕೊಳ್ಳೋಕೆ ಬೇರೆ ದೇಶದ ಹತ್ತಿಗೆ ದುಡ್ಡು!

ಇಷ್ಟೆಲ್ಲ ಆದಮೇಲೆ 2018ರ ಮೇ ತಿಂಗಳಲ್ಲಿ ಇದೇ ಅಮೆರಿಕ ನಮ್ಮ ಭತ್ತ-ಗೋಧಿ ಬೆಂಬಲ ಬೆಲೆ ಮಿತಿ ಮೀರಿದೆ ಅಂತ ಜಿನೀವಾದಲ್ಲಿ ದೂರಿತು.

ಮಳೆನೀರು
ಬೇಸ್ ಅನ್ನೋದು ಜಮೀನಿಗೆ ಅಂಟಿದ್ದು, ಹಾಗಾಗಿ ದುಡ್ಡಿನ ಒಂದು ಪಾಲು ಗುತ್ತಿಗೆ ದರಕ್ಕೆ ಸೇರಿ ಮಾಲೀಕನ ಜೇಬಿಗೆ ಹೋಗುತ್ತೆ. ನಗದು ಗುತ್ತಿಗೆಯಲ್ಲಿ ಚೆಕ್ಕು ಉಳುವವನಿಗೇ, ಆದರೆ ಮುಂದಿನ ಸಲ ಮಾಲೀಕ ಎಕರೆಗೆ ಜಾಸ್ತಿ ಕೇಳ್ತಾನೆ. 2025ರ ಕಾಯ್ದೆ ಹೊಸದಾಗಿ 30 ಮಿಲಿಯನ್ ಎಕರೆವರೆಗೆ ಬೇಸ್ ಸೇರಿಸೋಕೆ ದಾರಿ ಮಾಡಿದೆ. ಒಬ್ಬರಿಗೆ ವರ್ಷಕ್ಕೆ ಸಿಗೋ ದುಡ್ಡಿನ ಮಿತಿಯೂ 125,000ದಿಂದ 155,000 ಡಾಲರ್‌ಗೆ ಏರಿತು. ಕಡಲೆಕಾಯಿಗೆ ಇದೇ ಮಿತಿ ಬೇರೆಯಾಗಿ ಇನ್ನೊಂದ್ಸಲ. ಜಾರ್ಜಿಯಾ ಕಡೆಯ ಸಂಸದರ ತಾಕತ್ತು ಅದು, ಬೇರೆ ಕಾರಣ ಹುಡುಕಬೇಡಿ.

ಧಾರವಾಡ_ಎರಿಹೊಲ
ಬೆಳೆ ವಿಮಾ ಬಗ್ಗೆ ಯಾರೂ ಹೇಳವಲ್ರಿ. ಅಲ್ಲೇನು ನಮ್ಮ ಫಸಲ್ ಬಿಮಾದಂಗೇ ಏನು? ನಮ್ಮಲ್ಲಿ ಮುಂಗಾರಿಗೆ ರೈತ 2% ಕಟ್ತಾನ, ಹಿಂಗಾರಿಗೆ 1.5%, ಉಳಿದಿದ್ದು ಎರಡೂ ಸರ್ಕಾರ. ಆದ್ರ ನಷ್ಟ ಅಳಿಯೋದು ಪಂಚಾಯ್ತಿ ಲೆಕ್ಕದಾಗ. ನಿಮ್ಮ ಹೊಲ ಪೂರಾ ಒಣಗಿದ್ರೂ ಬೆಳಿ ಕಟಾವು ಪ್ರಯೋಗದಾಗ ಸರಾಸರಿ ಚೊಲೋ ಬಂತಂದ್ರ ಕೈಗೆ ಏನೂ ಬರಂಗಿಲ್ಲ.

ಹೊಲಗದ್ದೆ_ನೆಬ್ರಾಸ್ಕ
@ಧಾರವಾಡ_ಎರಿಹೊಲ ದೊಡ್ಡ ವ್ಯತ್ಯಾಸ ಅದೇ ನೋಡ್ರಿ. ಅಲ್ಲಿ ಬಹುತೇಕ ಪಾಲಿಸಿ ರೈತನ ಸ್ವಂತ ಇಳುವರಿ ಮೇಲೆ. 4ರಿಂದ 10 ವರ್ಷದ ಸ್ವಂತ ದಾಖಲೆಯ ಸರಾಸರಿ, ಅದನ್ನ ಎಪಿಎಚ್ ಅಂತಾರೆ. ಜೊತೆಗೆ ಬೆಲೆ ಕುಸಿತಕ್ಕೂ ರಕ್ಷಣೆ.

2024ರ ಮುಸುಕಿನ ಜೋಳ ತಗೊಳ್ರಿ. ಡಿಸೆಂಬರ್ ವಾಯಿದೆಯ ಬೆಲೆಯನ್ನ ಫೆಬ್ರವರಿ ತಿಂಗಳಿಡೀ ಸರಾಸರಿ ಮಾಡಿದ್ದು 4.66 ಡಾಲರ್. ಅದೇ ವಾಯಿದೆಯ ಅಕ್ಟೋಬರ್ ಸರಾಸರಿ 4.16. ಎಪಿಎಚ್ 180 ಬುಶೆಲ್, 80% ರಕ್ಷಣೆ ಆಯ್ದುಕೊಂಡಿದ್ದರೆ ಖಾತರಿ: 180 × 0.80 × 4.66 = ಎಕರೆಗೆ 671.04. ಬಂದದ್ದು 150 ಬುಶೆಲ್ ಆದರೆ 150 × 4.16 = 624. ವ್ಯತ್ಯಾಸ 47.04 ಡಾಲರ್ ಪರಿಹಾರ. ಬೆಲೆ ಅಷ್ಟು ಇಳಿದಿದ್ದಕ್ಕೆ 161 ಬುಶೆಲ್ ಬಂದ ಹೊಲಕ್ಕೂ ಒಂದೆರಡು ಡಾಲರ್ ಸಿಗ್ತಿತ್ತು. ಬೆಲೆ ಏರಿದ ವರ್ಷ ಖಾತರಿಯೂ ಅಕ್ಟೋಬರ್ ಬೆಲೆಗೆ ಏರುತ್ತೆ.

ಪ್ರೀಮಿಯಂನಲ್ಲಿ ಸರ್ಕಾರದ ಪಾಲು ಸರಾಸರಿ 60%ಕ್ಕಿಂತ ಸ್ವಲ್ಪ ಮೇಲೆ. ಆ ವರ್ಷ ತಾಲೂಕಿನಷ್ಟಗಲದ ಒಂದು ಕೌಂಟಿಯೊಳಗಿನ ಎಲ್ಲ ಜೋಳದ ಹೊಲ ಒಂದೇ ಘಟಕ ಮಾಡಿ 80% ಆಯ್ದುಕೊಂಡರೆ 68%. ಅದೇ 85%ಕ್ಕೆ ಹೋದರೆ 53%ಕ್ಕೆ ಇಳೀತಿತ್ತು. ಅದಕ್ಕೇ ಹೆಚ್ಚಿನೋರು 80%ಕ್ಕೇ ನಿಲ್ಲೋದು. ಮಾರ್ಚ್ 15 ಕೊನೆ ದಿನ. ತಪ್ಪಿದರೆ ಆ ವರ್ಷಕ್ಕೆ ಇಲ್ಲ.

ಎಡಬಲಲೆಕ್ಕ
ಮತ್ತೆ ಮೂಲ ಪ್ರಶ್ನೆಗೆ ಬಂದರೆ: ಬೆಳೆ ವಿಮೆಗೆ ಬೇರೆಯೇ ಕಾಯಂ ಕಾಯ್ದೆ ಇದೆ. "ಬೇಕಾದಷ್ಟು ಹಣ" ಅಂತ ಬರೆದಿದೆ. ಫಾರ್ಮ್ ಬಿಲ್ ಅವಧಿ ಮುಗಿದರೂ ಬಿಟ್ಟರೂ ವಿಮೆ ನಡೀತಾನೇ ಇರುತ್ತೆ. ಫಾರ್ಮ್ ಬಿಲ್ ಅದನ್ನ ತಿದ್ದುತ್ತೆ ಅಷ್ಟೇ.

ಕಡಲೆಗಿಡ
ಸರಿ, ಪಿಎಲ್‌ಸಿ ಚೆಕ್ಕು ಯಾವ ಖಾತೆಯಿಂದ ಬರುತ್ತೆ?

ಎಡಬಲಲೆಕ್ಕ
ಸಿಸಿಸಿ. ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್. 1933ರಲ್ಲಿ ಹುಟ್ಟಿದ್ದು, ಸ್ವಂತ ನೌಕರರೇ ಇಲ್ಲದ ಸರ್ಕಾರಿ ನಿಗಮ. ಕೃಷಿ ಇಲಾಖೆಯೋರೇ ನಡೆಸ್ತಾರೆ. ಖಜಾನೆಯಿಂದ 30 ಬಿಲಿಯನ್ ಡಾಲರ್‌ವರೆಗೆ ಸಾಲ ಎತ್ತಬಹುದು, ಆ ಮಿತಿ 1987ರಿಂದ ಬದಲಾಗಿಲ್ಲ. ಅಂಗಡಿಯ ಉದ್ರಿ ಪುಸ್ತಕದ ಥರ: ವರ್ಷವಿಡೀ ಬರೆಸ್ತಾರೆ, ವರ್ಷಕ್ಕೊಮ್ಮೆ ಸಂಸತ್ತು ಅಪ್ರೋಪ್ರಿಯೇಷನ್‌ನಲ್ಲಿ "ನಿವ್ವಳ ನಷ್ಟ" ತುಂಬಿ ಚುಕ್ತಾ ಮಾಡುತ್ತೆ. ಮತ್ತೆ 30 ಬಿಲಿಯನ್ ಸಾಲ ಎತ್ತಬಹುದು.

ಇದರ ಐದನೇ ಸೆಕ್ಷನ್ ಇದೆಯಲ್ಲ, ಅದೇ ರಾಜಕೀಯದ ಮೂಲ. ಕೃಷಿ ಕಾರ್ಯದರ್ಶಿ, ಅಂದ್ರೆ ಅಲ್ಲಿನ ಕೃಷಿ ಮಂತ್ರಿ, ಸ್ವಂತ ವಿವೇಚನೆಯಲ್ಲಿ ಖರ್ಚು ಮಾಡಬಹುದು. 2012ರಿಂದ 2017ರವರೆಗೆ ಸಂಸತ್ತು ಈ ಕೈಯನ್ನ ಕಟ್ಟಿಹಾಕಿತ್ತು. 2018ರ ಮಾರ್ಚ್‌ನಲ್ಲಿ ಬಿಚ್ಚಿತು. ಅದೇ ಬೇಸಿಗೆಯಲ್ಲಿ ಚೀನಾ ಜೊತೆ ಸುಂಕದ ಜಗಳ, ಅದರ ಪರಿಹಾರ ಅಂತ 2018 ಮತ್ತು 2019ರ ಬೆಳೆಗೆ ಸುಮಾರು 23 ಬಿಲಿಯನ್ ಡಾಲರ್ ಇದೇ ದಾರಿಯಲ್ಲಿ ಹೋಯ್ತು. ಯಾವ ಫಾರ್ಮ್ ಬಿಲ್‌ನಲ್ಲೂ ಬರೆದಿರದ ದುಡ್ಡು. 2025ರ ಡಿಸೆಂಬರ್‌ನಲ್ಲಿ ಘೋಷಿಸಿದ 12 ಬಿಲಿಯನ್ನೂ ಹಾಗೇ.

ಪೇಟೆಬೀದಿ
ಅದು ಸುಂಕದ ದುಡ್ಡಿನಿಂದ ಅಂತ ಅಧ್ಯಕ್ಷರೇ ಹೇಳಿದ್ರಲ್ಲ?

ತುಂಗೆತೀರ
ಹೇಳೋದು ಬೇರೆ, ಖಾತೆ ಬೇರೆ. ಸುಂಕ ಸಾಮಾನ್ಯ ಖಜಾನೆಗೆ ಬೀಳುತ್ತೆ, ಪರಿಹಾರ ಸಿಸಿಸಿಯಿಂದ ಹೋಗುತ್ತೆ. ನೇರವಾಗಿ ಸುಂಕಕ್ಕೆ ಕಟ್ಟಿರೋ ಕೃಷಿ ನಿಧಿ ಅಂತ ಒಂದಿದೆ, 1935ರ ಸೆಕ್ಷನ್ 32. ಸುಂಕದ ಆದಾಯದ 30% ಕೃಷಿ ಇಲಾಖೆಗೆ. ಆದರೆ ಅದರ ದೊಡ್ಡ ಪಾಲು ಹೋಗೋದು ಶಾಲೆ ಮಕ್ಕಳ ಊಟಕ್ಕೆ. 2025ರ ಬಂದ್ ವೇಳೆ ತಾಯಿ-ಮಕ್ಕಳ ಪೌಷ್ಟಿಕ ಯೋಜನೆ ನಿಲ್ಲದ ಹಾಗೆ 300 ಮಿಲಿಯನ್ ತೆಗೆದದ್ದೂ ಇಲ್ಲಿಂದಲೇ.

ಹಾಲುಡೈರಿ
ಅವಧಿ ಮುಗಿದರೆ ಏನಾಗುತ್ತೆ ಅನ್ನೋದಕ್ಕೆ ನಾನು ಹೇಳ್ತೀನಿ, ಹಾಲಿಂದಲೇ ಗೊತ್ತಾಗೋದು ಅದು. 1938 ಮತ್ತು 1949ರ ಕಾಯ್ದೆಗಳು ಇವತ್ತಿಗೂ ಪುಸ್ತಕದಲ್ಲಿವೆ. ಪ್ರತಿ ಫಾರ್ಮ್ ಬಿಲ್ ಅವನ್ನ ತಾತ್ಕಾಲಿಕವಾಗಿ ಅಮಾನತು ಮಾಡುತ್ತೆ, ರದ್ದು ಮಾಡಲ್ಲ. ಹೊಸ ಬಿಲ್ ಬರದಿದ್ರೆ ಹಳೆಯದು ಎದ್ದು ಕೂರುತ್ತೆ. ಅದರಲ್ಲಿ ಬೆಂಬಲ ಬೆಲೆಯ ಲೆಕ್ಕ 1910ರಿಂದ 1914ರ ನಡುವೆ ರೈತನ ಕೊಳ್ಳುವ ಶಕ್ತಿ ಎಷ್ಟಿತ್ತು ಅನ್ನೋದರ ಮೇಲೆ. ಆ ಲೆಕ್ಕದಲ್ಲಿ ಸರ್ಕಾರ ಮಾರುಕಟ್ಟೆಯ ದುಪ್ಪಟ್ಟು ದರಕ್ಕೆ ಹಾಲಿನ ಪದಾರ್ಥ ಕೊಳ್ಳಬೇಕಾಗುತ್ತೆ. 2012ರ ಕೊನೆಯಲ್ಲಿ ಅಂಗಡಿಯಲ್ಲಿ ಗ್ಯಾಲನ್ ಹಾಲು 7-8 ಡಾಲರ್ ಆಗುತ್ತೆ ಅಂತ ಹೆದರಿ, ಹೊಸ ವರ್ಷದ ಹೊಸ್ತಿಲಲ್ಲಿ ತೆರಿಗೆ ಕಾಯ್ದೆಗೆ ಸೇರಿಸಿ ಮುಂದೂಡಿದರು.

ಸೆಪ್ಟೆಂಬರ್ 30ಕ್ಕೇ ಏನೂ ಆಗಲ್ಲ, ಯಾಕಂದ್ರೆ ಬೆಂಬಲ ನಡೆಯೋದು ಬೆಳೆ ವರ್ಷದ ಮೇಲೆ. ಹಾಲಿಗೆ ಜನವರಿ 1, ಗೋಧಿಗೆ ಜೂನ್ 1, ಜೋಳಕ್ಕೆ ಸೆಪ್ಟೆಂಬರ್ 1. ಮೊದಲು ಕಚ್ಚೋದು ಹಾಲು. ಸೋಯಾ, ಕಡಲೆಕಾಯಿ, ಸಕ್ಕರೆ ಹಳೆ ಕಾಯ್ದೆಯ ಕಡ್ಡಾಯ ಪಟ್ಟಿಯಲ್ಲೇ ಇಲ್ಲ, ಅವಕ್ಕೆ ಸಿಗೋದು ಚಿಪ್ಪು.

ಕಡಲೆಗಿಡ
ಹಂಗಾದ್ರೆ ಅದನ್ನ ರದ್ದು ಮಾಡಿ ಬಿಸಾಕಬಹುದಲ್ಲ?

ಹಾಲುಡೈರಿ
ಹೆದರಿಕೆ ಇಲ್ಲದಿದ್ರೆ ಯಾರೂ ಬಿಲ್ ಬರೆಯಲ್ಲ ಅಂತಲೇ ಇಟ್ಕೊಂಡಿರೋದು. 2013ರಲ್ಲಿ ಕೆಳಮನೆ ರದ್ದು ಮಾಡೋಕೆ ಹೊರಟಿತ್ತು, ಕೊನೆಗೆ ಉಳೀತು.

ಮಳೆನೀರು
ಸತ್ತುಹೋಗೋದು ಸಣ್ಣ ಯೋಜನೆಗಳು. 1985ರ ಬಜೆಟ್ ಕಾಯ್ದೆಯ ನಿಯಮದಲ್ಲಿ, ವರ್ಷಕ್ಕೆ 50 ಮಿಲಿಯನ್ ಡಾಲರ್ ದಾಟಿದ ಕಡ್ಡಾಯ ಯೋಜನೆ ಅವಧಿ ಮುಗಿದರೂ ಮುಂದುವರಿಯುತ್ತೆ ಅಂತಲೇ ಸಿಬಿಒ ಲೆಕ್ಕ ಹಿಡಿಯುತ್ತೆ. ಅದಕ್ಕಿಂತ ಚಿಕ್ಕದಾದರೆ ಸೊನ್ನೆ. ಆ ಸೊನ್ನೆಯಿಂದ ಮತ್ತೆ ಎಬ್ಬಿಸಬೇಕಾದರೆ ಬೇರೆ ಯಾವುದನ್ನಾದರೂ ಕತ್ತರಿಸಿ ದುಡ್ಡು ತರಬೇಕು. ಇವನ್ನ ಅನಾಥ ಯೋಜನೆಗಳು ಅಂತಾರೆ. ಅದಕ್ಕೇ ಬಿಲ್ ಬರೆಯೋರು ಕೊನೆ ವರ್ಷದ ಅಂಕಿಯನ್ನ ಬೇಕಂತಲೇ 50ಕ್ಕೆ ಏರಿಸಿ ಬರೆಯೋ ಚಾಳಿ ಇದೆ. ಮೊದಲ ವರ್ಷ ಕಮ್ಮಿ, ಕೊನೇ ವರ್ಷ 50, ಬೇಸ್‌ಲೈನ್ ಸಿಕ್ಕಿತು!

ಜಮೀನು ಪಾಳು ಬಿಡಿಸೋ ಸಿಆರ್‌ಪಿಯಂಥ ದೊಡ್ಡದಕ್ಕೆ ತೊಂದರೆ ಬೇರೆ ಥರ. ದುಡ್ಡಿನ ಲೆಕ್ಕ ಇರುತ್ತೆ, ಅಧಿಕಾರದ ಅವಧಿ ಮುಗಿದಿರುತ್ತೆ. ಹಳೆ ಒಪ್ಪಂದಕ್ಕೆ ಬಾಡಿಗೆ ಬರುತ್ತೆ, ಹೊಸಬರನ್ನ ಸೇರಿಸೋ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಆದದ್ದು ಅದೇ.

ತುಂಗೆತೀರ
ಈಗ ಹೊಸ ಬಿಲ್ ಯಾಕೆ ಕಷ್ಟ ಅಂದ್ರೆ, ದುಡ್ಡಿರೋ ಭಾಗವನ್ನ ಆಗಲೇ ಎತ್ತಿಕೊಂಡು ಹೋಗಿದ್ದಾರೆ. 2024ರಲ್ಲಿ ಕೆಳಮನೆ ಕೃಷಿ ಸಮಿತಿ ಆಧಾರ ಬೆಲೆ ಏರಿಸೋಕೆ ಸಿಸಿಸಿಯ ಐದನೇ ಸೆಕ್ಷನ್‌ಗೆ ಬೀಗ ಹಾಕಿ, ಆ ಉಳಿತಾಯ ತೋರಿಸೋಕೆ ನೋಡಿತು. ಸಮಿತಿಯ ಲೆಕ್ಕಕ್ಕೂ ಸಿಬಿಒ ಲೆಕ್ಕಕ್ಕೂ ಹತ್ತಾರು ಬಿಲಿಯನ್ ಅಂತರ ಬಂತು, ಬಿಲ್ ಸಭೆಗೇ ಬರಲಿಲ್ಲ. 2025ರಲ್ಲಿ ಆ ಜುಲೈ 4ರ ಕಾಯ್ದೆಗೆ ರೀಕನ್ಸಿಲಿಯೇಷನ್ ದಾರಿ ಹಿಡಿದರು. ಅದಕ್ಕೆ ಸೆನೆಟ್‌ನಲ್ಲಿ 60 ಓಟು ಬೇಡ, ಸರಳ ಬಹುಮತ ಸಾಕು. ಸ್ನ್ಯಾಪ್‌ನಿಂದ 10 ವರ್ಷಕ್ಕೆ ಸುಮಾರು 186 ಬಿಲಿಯನ್ ಕಡಿತ, ಕೃಷಿ ಯೋಜನೆಗಳಿಗೆ ಸುಮಾರು 66 ಬಿಲಿಯನ್ ಸೇರ್ಪಡೆ. ಆದರೆ ಆ ದಾರಿಯಲ್ಲಿ ಬಜೆಟ್‌ಗೆ ನೇರ ಸಂಬಂಧ ಇಲ್ಲದ್ದನ್ನ ಸೇರಿಸೋ ಹಾಗಿಲ್ಲ. ಸಿಆರ್‌ಪಿ ಅವಧಿ, ಸಾಲದ ನಿಯಮ, ಸಂಶೋಧನೆಯ ಅನುಮತಿ ಎಲ್ಲ ಹೊರಗೆ ಉಳೀತು. ಅದಕ್ಕೇ 2025ರ ನವೆಂಬರ್‌ನಲ್ಲಿ ಮತ್ತೆ 2026ರ ಸೆಪ್ಟೆಂಬರ್ 30ರವರೆಗೆ ಎಳೆದದ್ದು.

ಮಳೆನೀರು ಹೇಳಿದ 1973ರ ಒಪ್ಪಂದ ಇಲ್ಲಿಗೆ ಮುರೀತು ಅಂತಲೇ ನನ್ನ ಅಭಿಪ್ರಾಯ. ಊಟದ ದುಡ್ಡು ಕತ್ತರಿಸಿ ಬೆಳೆಗೆ ಹಾಕಿದ ಮೇಲೆ ನಗರದ ಸದಸ್ಯ ಉಳಿದ ಬಿಲ್‌ಗೆ ಯಾಕೆ ಓಟು ಹಾಕ್ತಾನೆ?

ಹೊಲಗದ್ದೆ_ನೆಬ್ರಾಸ್ಕ
ಅಷ್ಟು ಬೇಗ ಸಮಾಧಿ ಕಟ್ಟಬೇಡಿ. 2013ರಲ್ಲೂ 195-234ರಲ್ಲಿ ಬಿಲ್ ಬಿತ್ತು, ಎರಡು ತುಂಡು ಮಾಡಿದರು, ಎಲ್ಲರೂ ಇನ್ನು ಮುಗೀತು ಅಂದ್ರು. 2014ರ ಫೆಬ್ರವರಿಗೆ ಒಂದಾಗಿ ಪಾಸಾಯ್ತು.

ತುಂಗೆತೀರ
ಆಗ ಕೊಡು-ಕೊಳ್ಳೋಕೆ ದುಡ್ಡು ಮೇಜಿನ ಮೇಲಿತ್ತು. ನೇರ ಪಾವತಿ ರದ್ದು ಮಾಡಿ ಉಳಿದದ್ದನ್ನ ಹಂಚಿದರು. ಈಗ ಏನಿದೆ? ಇನ್ನೊಂದು ವಿಷಯ ಯಾರೂ ನೋಡ್ತಿಲ್ಲ: 2028ರ ಹಣಕಾಸು ವರ್ಷದಿಂದ ಸ್ನ್ಯಾಪ್ ಪಾವತಿಯಲ್ಲಿ ತಪ್ಪು 6% ಮೀರಿದ ರಾಜ್ಯಗಳು ಸ್ವಂತ ದುಡ್ಡು ಹಾಕಬೇಕು. 6ರಿಂದ 8%ಕ್ಕೆ ಶೇಕಡ 5, 8ರಿಂದ 10ಕ್ಕೆ ಶೇಕಡ 10, ಅದರ ಮೇಲೆ ಶೇಕಡ 15. 2024ರ ರಾಷ್ಟ್ರೀಯ ಸರಾಸರಿಯೇ 10.93%. ಕಮ್ಮಿ ಕೊಟ್ಟಿದ್ದೂ ತಪ್ಪಿನ ಲೆಕ್ಕಕ್ಕೇ ಬರುತ್ತೆ, ಬರೀ ಜಾಸ್ತಿ ಕೊಟ್ಟದ್ದಲ್ಲ. ಕಚೇರಿ ವೆಚ್ಚದಲ್ಲಿ ರಾಜ್ಯದ ಪಾಲು 2027ರಿಂದಲೇ 50% ಇದ್ದದ್ದು 75%.

ಧಾರವಾಡ_ಎರಿಹೊಲ
ಸಕ್ರಿ ಬಗ್ಗೆ ಒಂದ್ ಮಾತ್ರಿ. ಅಲ್ಲಿ ಸಕ್ರಿಗೂ ಬೆಂಬಲ ಐತಿ ಅಂದ್ರ ಖರ್ಚು ಯಾಕ ಕಾಣಂಗಿಲ್ಲ?

ಎಡಬಲಲೆಕ್ಕ
ಖಜಾನೆಗೆ ಖರ್ಚು ಬರದ ಹಾಗೆ ನಡೆಸಬೇಕು ಅಂತ ಕಾಯ್ದೆಯಲ್ಲೇ ಇದೆ. ಸಕ್ಕರೆ ಒತ್ತೆ ಇಟ್ಟರೆ ಸರ್ಕಾರ ಕೊಡೋ ಸಾಲ ಕಚ್ಚಾ ಸಕ್ಕರೆಗೆ ಪೌಂಡಿಗೆ 19.75 ಸೆಂಟ್ ಇತ್ತು, 2025ರಲ್ಲಿ 24 ಮಾಡಿದರು. ಬೆಲೆ ಅದಕ್ಕಿಂತ ಕೆಳಗೆ ಬೀಳದ ಹಾಗೆ ಆಮದು ಕೋಟಾ ಬಿಗಿ ಹಿಡೀತಾರೆ. ತೆರೋದು ತೆರಿಗೆದಾರ ಅಲ್ಲ, ಸಕ್ಕರೆ ಕೊಳ್ಳೋ ಗಿರಾಕಿ. ಭಾರತದ ಕೋಟಾ ವರ್ಷಕ್ಕೆ ಸುಮಾರು 8 ಸಾವಿರ ಟನ್, ಬೆಳಗಾವಿ ಕಡೆಯ ಒಂದು ದೊಡ್ಡ ಕಾರ್ಖಾನೆ ಒಂದೇ ವಾರದಲ್ಲಿ ತೆಗೆಯೋವಷ್ಟು.

ಕಡಲೆಗಿಡ
ಚೆನ್ನಾಗಿ ಬಿಡಿಸಿದ್ರಿ. ಮುಂದಿನ ಬಿಲ್ ಸುದ್ದಿ ಬಂದಾಗ ಮೊದಲು ಏನು ನೋಡಲಿ?

ಮಳೆನೀರು
ಪತ್ರಿಕೆಯ ದೊಡ್ಡ ಅಂಕಿ ಬಿಡಿ. ಸಿಬಿಒ ಅಂದಾಜಿನ ಪಟ್ಟಿ ತೆಗೆದು, ಬಿಲ್‌ನ ಒಂದೊಂದು ಟೈಟಲ್ (ಅಧ್ಯಾಯ) ಎದುರು ಬೇಸ್‌ಲೈನ್‌ಗಿಂತ ಎಷ್ಟು ಹೆಚ್ಚು-ಕಮ್ಮಿ ಅಂತ ನೋಡಿ. ಮೈನಸ್ ಇರೋ ಕಡೆಯಿಂದ ಪ್ಲಸ್ ಇರೋ ಕಡೆಗೆ ದುಡ್ಡು ಹೋಗಿದೆ. ಆಮೇಲೆ "ಕೊಡಬಹುದು" ಅಂತ ಬರೆದ ಯೋಜನೆಗೆ ಪಕ್ಕದಲ್ಲಿ ಕಡ್ಡಾಯ ಅಂಕಿ ಇದೆಯಾ ನೋಡಿ. ಇಲ್ಲ ಅಂದ್ರೆ ಅದು ಅಪ್ರೋಪ್ರಿಯೇಷನ್ ಸಮಿತಿಯ ಕೈಯಲ್ಲಿ, ಕೃಷಿ ಸಮಿತಿ ಏನೇ ಭಾಷಣ ಮಾಡಲಿ.

ಹಾಲುಡೈರಿ
ಬಿಲ್ ಬರದೇ ಇದ್ರೆ ಡಿಸೆಂಬರ್ ಕೊನೆ ವಾರ ಹಾಲಿನ ಬೆಲೆ ಸುದ್ದಿ ನೋಡಿ, ಸಾಕು.